ಹುಲ್ಲುಗಾವಲಿನ ಹೋರಿಯವರ ಸನ್ನಿಧಿಗೆ ಸುಲ್ಮಾಳ ದೂರು

ಮಾನ್ಯ ಹೋರಿಯವರೇ,

ಯೀ ಎಂಬ ಹೊಳೆಯ ದಂಡೆಯ ಹುಲ್ಲುಗಾವಲನ್ನು ಒಬ್ಬರೇ ಆಳುತ್ತಿರುವವರೂ, ಬಿಳಿಯ ಮುಖ, ಕೆಂಪು ಮೈ ಮತ್ತು ಕಂಬದಂಥ ಕತ್ತಿನಿಂದ ಶೋಭಿಸುವವರೂ, ಮೆಲುಕು ಹಾಕುವ ವಿದ್ಯೆಯಲ್ಲಿ ಸರಾಂದಿ ಊರಿಗೇ ಮೊದಲಿಗರೂ ಆದ ತಮಗೆ, ಇದೇ ಹುಲ್ಲುಗಾವಲನ್ನು ಅಪ್ಪನಿಂದ ಬಳುವಳಿಯಾಗಿ ಪಡೆದ ಸುಲ್ಮಾ ಒಲಿವೇರಾ ಎಂಬ ನಾನು ತಲೆಬಾಗಿ ಮಾಡುವ ವಂದನೆಗಳು. ತಾವು ಸುಖವಾಗಿದ್ದೀರೆಂಬುದು ನನ್ನ ಅಡುಗೆಮನೆಯ ಕಿಟಕಿಯಿಂದ ದಿನವೂ ಕಾಣುವುದರಿಂದ ಕ್ಷೇಮ ವಿಚಾರಿಸುವ ಶಿಷ್ಟಾಚಾರವನ್ನು ಬಿಟ್ಟಿದ್ದೇನೆ, ಕ್ಷಮಿಸಬೇಕು.

ಇದನ್ನು ಊರಿನ ವಾರಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನನ್ನ ಹಿಂದಿನ ದೂರನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿದ್ದೆ, ತಾವು ಅದನ್ನು ಓದುವ ಮೊದಲೇ ತಿಂದಿರಿ. ಇನ್ನು, ಕಟ್ಟಿಕೊಂಡ ಗಂಡನನ್ನು ಏಕವಚನದಲ್ಲಿ ಕರೆಯುವ ನಾನು ತಮ್ಮನ್ನು ಬಹುವಚನದಲ್ಲಿ ಸಂಬೋಧಿಸುತ್ತಿರುವುದನ್ನು ಕಂಡು ಓದುಗರು ಹುಬ್ಬೇರಿಸಬಹುದು. ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಮರ್ಯಾದೆ ಸಲ್ಲುತ್ತದೆಯೋ ಅದಕ್ಕೆ ತಕ್ಕಂತೆ ನಾನು ವ್ಯಾಕರಣವನ್ನು ಬಳಸಿದ್ದೇನೆ, ಅಷ್ಟೆ.

ತಾವು ನನ್ನ ಗಂಡ ದರ್ದೊ ಬೆಂತಾಂಕೊರನನ್ನು ಬೆಳಗಿನ ಬೂಟುಗಳ ರೂಪದಲ್ಲಿ ಮಾತ್ರ ಬಲ್ಲಿರಿ. ತಾವು ಹುಟ್ಟುವ ಮೊದಲು ಅವನಿಗೆ ಕಾಲುಗಳಿದ್ದವೆಂಬುದು ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ದುಡಿಯುವ ವಯಸ್ಸನ್ನೆಲ್ಲ ಅವನು ದನ ಸಾಗಿಸುವ ಲಾರಿಯ ಚಕ್ರದ ಹಿಂದೆ ಕೂತು ಕಳೆದವನು. ಹುಲ್ಲುಗಾವಲಿನಿಂದ ದನಗಳನ್ನು ಹತ್ತಿಸಿಕೊಂಡು, ಅವುಗಳಿಗೆ ಜೋಳ ತಿನ್ನಿಸಿ ಕೊಬ್ಬಿಸುವ ದೊಡ್ಡಿಗೆ ಇಳಿಸುವುದು, ಕೊಬ್ಬಿದವನ್ನು ಅಲ್ಲಿಂದ ಕಸಾಯಿಖಾನೆಗೆ ಮುಟ್ಟಿಸುವುದು, ದಾರಿಯಲ್ಲಿ ಎಲ್ಲಿ ಕೆಂಡ ಕಂಡರೆ ಅಲ್ಲಿ ನಿಲ್ಲಿಸಿ ಬೆರಳಿನಷ್ಟು ದಪ್ಪ ಕೊಬ್ಬಿರುವ ಪಕ್ಕೆಲುಬನ್ನು ರೊಟ್ಟಿಯ ನಡುವೆ ಇಟ್ಟು ತಿನ್ನುವುದು, ಇದು ಅವನ ದಿನಚರಿಯಾಗಿತ್ತು. ಹೊಟ್ಟೆ ಬೆಳೆದಂತೆ ಅವನು ಸೀಟನ್ನು ಹಿಂದಕ್ಕೆ ಸರಿಸುತ್ತ ಬಂದ. ಸರಿಸಲು ಇನ್ನು ಜಾಗವಿಲ್ಲ ಎಂದಾದ ವರ್ಷ, ಒಂದು ಶರತ್ಕಾಲದ ಮಧ್ಯಾಹ್ನ, ಲಾರಿಯ ಮೆಟ್ಟಿಲ ಮೇಲೆ ಕೂತವನು ಬೂದಿಯ ಬಣ್ಣಕ್ಕೆ ತಿರುಗಿ ಎದೆ ಹಿಡಿದುಕೊಂಡ. ದುರಾಸ್ನೊ ಆಸ್ಪತ್ರೆಯಲ್ಲಿ ಅವನ ಹೃದಯದ ರಕ್ತನಾಳಕ್ಕೆ ತಂತಿಯ ಪುಟ್ಟ ಕೊಳವೆಯೊಂದನ್ನು ಹಾಕಿ ಕಳಿಸಿದರು. ಆ ದಿನಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಬೆಲ್ಟನ್ನು ಕೈಯಲ್ಲಿ ಸುತ್ತಿ ಹಿಡಿದುಕೊಂಡು ಕೂತಿದ್ದೆ, ಬಿಚ್ಚಿ ಕೊಡಿ ಎಂದು ನರ್ಸ್ ಕೇಳಿದರೂ ಕೊಡಲಿಲ್ಲ.

ಊರಿಗೆ ಬಂದ ಮೇಲೆ ಅವನನ್ನು ನೋಡಿಕೊಂಡವರು ನಮ್ಮ ಚಿಕಿತ್ಸಾಲಯದ ಡಾಕ್ಟರ್ ಮಾರಿಸೆಲ್. ವಯಸ್ಸು ಚಿಕ್ಕದು, ಆಕಾರ ಇನ್ನೂ ಚಿಕ್ಕದು, ಮಾತು ಮಾತ್ರ ನೇರ.

"ಮಾಂಸ ಬಿಡಿ ಅಂತ ಹೇಳಿದ್ರೆ ನೀವು ನನ್ನನ್ನೇ ಬಿಡ್ತೀರಿ, ದೊನ್ ದರ್ದೊ, ಅದು ನಂಗೆ ಗೊತ್ತು. ತಿನ್ನೋದೇ ಆದ್ರೆ ಹುಲ್ಲು ಮೇಯ್ದು ಬೆಳೆದಿದ್ದನ್ನ ತಿನ್ನಿ. ಕಾಳು ತಿಂದು ಕೊಬ್ಬಿದ್ದಕ್ಕಿಂತ ಅದರಲ್ಲಿ ಕೊಬ್ಬು ಕಡಿಮೆ ಇರುತ್ತೆ. ಒಮೇಗಾ ತ್ರೀ ಅಂತ ಒಂದು ಒಳ್ಳೇ ಕೊಬ್ಬಿದೆ, ಮೀನಿನಲ್ಲಿ ಇರೋದು, ಅದು ಇದರಲ್ಲಿ ಒಂಚೂರು ಜಾಸ್ತಿ. ವಿಟಮಿನ್ ಇ ನೂ ಜಾಸ್ತಿ. ಆದ್ರೆ ಇದೇನು ಔಷಧಿ ಅಲ್ಲ, ತಿಳೀತಾ? ಭಾನುವಾರ ಮಾತ್ರ. ಅಂಗೈಯಷ್ಟು."

"ಯಾರ ಅಂಗೈ?" ಎಂದು ದರ್ದೊ ಕೇಳಿದ.

ಡಾಕ್ಟರು ತಮ್ಮ ಅಂಗೈಯನ್ನು ಮೇಜಿನ ಮೇಲೆ ಇಟ್ಟು ತೋರಿಸಿದರು. ದರ್ದೊ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ.

"ಮತ್ತೆ ದಿನಾ ನಡೀಬೇಕು."

"ನಂಗೆ ಲಾರಿ ಇದೆ, ಡಾಕ್ಟ್ರೇ" ಎಂದ.

ಹೋರಿಯವರೇ, ತಮ್ಮ ಜೀವನ ಚರಿತ್ರೆ ಇಲ್ಲಿಂದ ಆರಂಭವಾಗುತ್ತದೆ. ಪೇಟೆಯ ದೊಡ್ಡ ಅಂಗಡಿಯಲ್ಲಿ ಹಸಿರು ಬಯಲಿನ ಚಿತ್ರ ಹಚ್ಚಿದ, 'ಹೃದಯಕ್ಕೆ ಹಿತ' ಎಂದು ಬರೆದ ಮಾಂಸದ ಪೊಟ್ಟಣಗಳು ಬೇಕಾದಷ್ಟಿದ್ದವು. ದರ್ದೊ ಒಂದನ್ನು ಎತ್ತಿ, ತಿರುಗಿಸಿ, ಮೂಗಿಗೆ ಹಿಡಿದು, ವಾಪಸಿಟ್ಟ. "ಇದರಲ್ಲಿ ಹಸಿರು ಅಂತ ಇರೋದು ಈ ಚಿತ್ರ ಒಂದೇ" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದ. ಮನೆಗೆ ಬಂದವನು, ನಾನು ಈರುಳ್ಳಿ ಸುಲಿಯುತ್ತಿದ್ದಾಗ, ಗೋಡೆಯ ಮೇಲಿನ ತನ್ನ ತಾಯಿಯ ಫೋಟೋದ ಮುಂದೆ ನಿಂತು, ಬೆರಳುಗಳನ್ನು ಶಿಲುಬೆಯಂತೆ ಅಡ್ಡ ಹಿಡಿದು ಮುತ್ತಿಟ್ಟು ಪ್ರತಿಜ್ಞೆ ಮಾಡಿದ: "ನನ್ನ ಕಣ್ಣೆದುರಿಗೇ ಹುಲ್ಲು ತಿಂದು ಬೆಳೆದ ಹೋರಿ ಸಿಗೋವರೆಗೂ ಈ ಮನೇಲಿ ಬೇರೆ ದನದ ಮಾಂಸ ಬೇಯಕೂಡದು."

'ಈ ಮನೇಲಿ' ಎಂಬ ಶಬ್ದವನ್ನು ತಾವು ಗಮನಿಸಬೇಕೆಂದು ವಿನಂತಿ. ನನ್ನ ಹೃದಯಕ್ಕೆ ಆಗ ಏನೂ ಆಗಿರಲಿಲ್ಲ. ನಾನು ಯಾರ ಫೋಟೋದ ಮುಂದೆಯೂ ನಿಂತಿರಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ಗಂಡಸಿನ ಮಾತಿಗೆ ಎದುರಾಡುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಮ್ಮ ಹೆಂಗಸರು ಮೊದಲು ಅವನು ಸುಧಾರಿಸಿಕೊಳ್ಳಲೆಂದು ಕಾಯುತ್ತಾರೆ.

ಕರುವಿಗಾಗಿ ಅವನು ಹೋದದ್ದು ಬೇಲಿಯಾಚೆಯ ಎಲ್ಬಿಯೊನ ಬಳಿಗೆ. ಎಲ್ಬಿಯೊ ಅವನ ಶಾಲೆಯ ದಿನಗಳ ಗೆಳೆಯ, ಗುಡ್ಡದ ಮೇಲೆ ದೊಡ್ಡ ಮಂದೆಯ ಒಡೆಯ, ಬಾಯಿಗೆ ಬೀಗ ಇಲ್ಲದವನು.

"ಯಾಕೋ ದರ್ದೊ, ನನ್ನ ದನ ಏನು ಬಿಸ್ಕತ್ತು ತಿಂದು ಬೆಳೀತಾವಾ? ಒಂದನ್ನ ಕಡಿದು ಕೊಡ್ತೀನಿ, ತಿಂದು ಸುಮ್ನಿರು."

"ಕೊನೇ ತಿಂಗಳುಗಳು ಅವನ್ನ ಎಲ್ಲಿಗೆ ಕಳಿಸ್ತೀಯ, ಹೇಳು ನೋಡೋಣ."

ಎಲ್ಬಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. ದೊಡ್ಡಿಗೆ ಅವನ್ನು ಹೊತ್ತದ್ದು ದರ್ದೊನ ಲಾರಿಯೇ ಆದ್ದರಿಂದ ಸುಳ್ಳು ಹೇಳುವ ಹಾಗಿರಲಿಲ್ಲ.

ಹಾಗೆ ತಾವು ಬಂದಿರಿ, ಮೊಲೆ ಬಿಟ್ಟ ಹೊಸತು, ಸೊಂಟದೆತ್ತರ. ಬಂದ ಮೊದಲ ವಾರ ಅಮ್ಮನಿಗಾಗಿ ಕೂಗಿ ಕೂಗಿ ಇಡೀ ಬೀದಿಯ ನಾಯಿಗಳಿಗೆ ಕೆಲಸ ಕೊಟ್ಟಿರಿ. ಏನು ಹೆಸರಿಡುತ್ತೀಯ ಎಂದು ನಾನು ಕೇಳಿದೆ. "ತಿನ್ನೋದಕ್ಕೆ ಹೆಸರಿಡಬಾರದು" ಎಂದ. ತಮಗೆ ಈ ವಿಷಯದಲ್ಲಿ ಬೇಸರವಿದ್ದರೆ ಅದನ್ನು ಅವನಿಗೇ ತಿಳಿಸಿರಿ.

ಬರುವ ಕ್ರಿಸ್‌ಮಸ್ಸಿಗೆ ತಮ್ಮ ಪಕ್ಕೆಲುಬುಗಳನ್ನು ಕೆಂಡದ ಮೇಲೆ ಕಾಣಬಹುದೆಂದು ಲೆಕ್ಕ ಹಾಕಿ, ನಾನು ಒಲೆಗೆಂದು ಕೊರೊನಿಯಾ ಮರದ ಗಟ್ಟಿ ಸೌದೆಯನ್ನು ತರಿಸಿ ಒಟ್ಟಿಸಿಟ್ಟೆ. ಅದನ್ನು ನೋಡಿ ಎಲ್ಬಿಯೊ ನಕ್ಕುಬಿಟ್ಟ. "ಬರೀ ಹುಲ್ಲಿನ ಮೇಲೆ ಅಂದ್ರೆ ಮೂರು ವರ್ಷ ಹಿಡಿಯುತ್ತೆ, ಸುಲ್ಮಾ. ಹುಲ್ಲಿಗೇನು ಅವಸರ?" ನಾನು ಸೌದೆಯ ರಾಶಿಯ ಮೇಲೆಯೇ ಕೂತುಬಿಟ್ಟೆ.

ಆ ಮೂರು ವರ್ಷ ತಾವೇನು ತಿಂದಿರೆಂಬುದು ತಮಗೆ ಗೊತ್ತಿದೆ. ನಾನೇನು ತಿಂದೆನೆಂಬುದನ್ನು ಹೇಳುತ್ತೇನೆ. ಬೇಳೆ. ಕುಂಬಳಕಾಯಿ. ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿ ಬರುವ, ಸಮುದ್ರವನ್ನು ತಾನೂ ಮರೆತಿರುವ ಮೀನು. ಮತ್ತೆ ಬೇಳೆ. ನಮ್ಮೂರಿನಲ್ಲಿ ಭಾನುವಾರ ಮಧ್ಯಾಹ್ನ ಯಾವ ಮನೆಯ ಹಿತ್ತಲಿಂದ ಅಸಾದೊದ, ಅಂದರೆ ಕೆಂಡದ ಮೇಲೆ ಸುಡುವ ಮಾಂಸದ, ಹೊಗೆ ಏಳುವುದಿಲ್ಲವೋ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಎರಡನೆಯ ಭಾನುವಾರ ಮೂಲೆಮನೆಯ ವಿಧವೆ ಕಪ್ಪು ಶಾಲು ಹೊದ್ದು, ಕೈಯಲ್ಲಿ ಹೂ ಹಿಡಿದು ಬಾಗಿಲಲ್ಲಿ ನಿಂತಳು.

"ಯಾರು ಹೋದ್ರಮ್ಮ?" ಎಂದಳು.

"ಯಾರೂ ಹೋಗಿಲ್ಲ. ಅಸಾದೊ ಹೋಯ್ತು" ಎಂದೆ.

ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಒಂದಿಷ್ಟು ಅತ್ತೆ. ಹೂವನ್ನು ಕುಂಬಳಕಾಯಿಯ ಪಕ್ಕ ಇಟ್ಟೆ.

ಇತ್ತ ಮೇಜಿನ ಮೇಲೆ ಬೇಳೆ ಬೆಳೆದಂತೆ ಅತ್ತ ತಮ್ಮ ಕೀರ್ತಿ ಬೆಳೆಯುತ್ತಿತ್ತು. ಡಾಕ್ಟರು ಹೇಳಿದ ನಾಲ್ಕು ಮಾತುಗಳನ್ನು ದರ್ದೊ ಕ್ಷೌರದಂಗಡಿಯಲ್ಲಿ, ಸಹಕಾರಿ ಸಂಘದಲ್ಲಿ, ಇಗರ್ಜಿಯ ಹೊರಗೆ ಹೇಳುತ್ತ ಹೋದ. ಪ್ರತಿ ಸಲವೂ ಅವಕ್ಕೆ ಮರಿ ಹುಟ್ಟಿದವು. ಹುಲ್ಲು ಮೇಯ್ದ ಹೋರಿಯ ಮಾಂಸದಿಂದ ಹೃದಯವಷ್ಟೇ ಅಲ್ಲ, ಮಂಡಿನೋವೂ ಹೋಗುತ್ತದೆ ಎಂದಾಯಿತು. ಕಣ್ಣು ಚುರುಕಾಗುತ್ತದೆ ಎಂದಾಯಿತು. ಬೋಳುತಲೆಯವನೊಬ್ಬ ಆಸೆಯಿಂದ ಹತ್ತಿರ ಬಂದಾಗ ಕೂದಲಿಗೂ ಒಳ್ಳೆಯದೆಂದಾಯಿತು. ಒಮೇಗಾ ತ್ರೀ ಎಂಬುದು ಮೂರರಲ್ಲಿ ನಿಂತರೆ ಸಾಲದೆಂದು ಅವನು ಅದನ್ನು ಒಮೇಗಾ ಆರಕ್ಕೆ ಏರಿಸಿದ. ದುಪ್ಪಟ್ಟು ಒಳ್ಳೆಯದಲ್ಲವೇ ಎಂಬುದು ಅವನ ವಾದ. ಇದನ್ನು ಕೇಳಿದ ಡಾಕ್ಟರು ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲವಂತೆ. ಒಂದು ತುಂಡೂ ಯಾರ ಬಾಯಿಗೂ ಹೋಗದೆ ಇಷ್ಟೊಂದು ರೋಗಗಳನ್ನು ವಾಸಿಮಾಡಿದ ಕೀರ್ತಿ ತಮ್ಮದು.

ತಮ್ಮ ಸೇವೆಯ ವೈಭವವನ್ನಂತೂ ಏನೆಂದು ಹೊಗಳಲಿ! ಬೆಳಕು ಹರಿಯುವ ಮೊದಲೇ ನನ್ನ ಗಂಡ ಎದ್ದು, ಕರೆಂಟ್ ತಂತಿಯ ಬೇಲಿಯನ್ನು ಕಿತ್ತು, ಹೊಸ ಹುಲ್ಲಿನ ಕಡೆಗೆ ಸರಿಸಿ ನೆಡುತ್ತಿದ್ದ. ತಮಗೆ ದಿನಕ್ಕೊಂದು ಹೊಸ ಊಟದ ಕೋಣೆ. ನನಗೆ ಮಾತ್ರ ನಲ್ಲಿ ಸೋರುವ ಅದೇ ಹಳೆಯ ಅಡುಗೆಮನೆ. ತಮಗಾಗಿ ಅವನು ಮಂಡಿಯೂರಿ ಮೂರೆಲೆಯ ಕ್ಲೋವರ್ ಬಿತ್ತಿದ, ಹೊಳೆಯಿಂದ ನೀರು ಹೊತ್ತ, ಉಪ್ಪಿನ ಗಡ್ಡೆ ತೂಗುಹಾಕಿದ, ಕಿವಿಯ ಹಿಂದಿನ ಉಣ್ಣಿಗಳನ್ನು ಚಿಮುಟದಿಂದ ಒಂದೊಂದಾಗಿ ಕಿತ್ತ. ತಾವು ಬೇಸರವಾದಾಗಲೆಲ್ಲ ಬೇಲಿ ನುಗ್ಗಿ ಹೊಳೆಯಾಚೆಯ ನೀರವಂಜಿ ಪೊದೆಗಳಲ್ಲಿ ಅಡಗಿಕೊಂಡಾಗ, ಟಿಟ್ಟಿಭ ಹಕ್ಕಿಗಳು ಬೈಯುತ್ತ ತಲೆಯ ಮೇಲೆ ಹಾರುತ್ತಿರಲು, ಕೆಸರಿನಲ್ಲಿ ಬೂಟು ಕೀಳುತ್ತ ಹುಡುಕಿಕೊಂಡು ಬಂದ. ಒಮ್ಮೆ ತಮ್ಮ ಸಗಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಆಹಾ, ಎಂಥ ಹದ!" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನನ್ನ ಕುಂಬಳಕಾಯಿ ಸಾರಿನ ಬಗ್ಗೆ ಅಂಥ ಮಾತು ಅವನ ಬಾಯಿಂದ ಇನ್ನೂ ಬರಬೇಕಿದೆ.

ಈ ನಡುವೆ ಯಾರೂ ಲಕ್ಷ್ಯ ಕೊಡದ ಒಂದು ಸಂಗತಿ ನಡೆಯುತ್ತಿತ್ತು. ಅವನ ಬೆಲ್ಟಿಗೆ ನಾನು ಮೊಳೆ ಕಾಯಿಸಿ ಹೊಸ ತೂತು ಹಾಕಬೇಕಾಯಿತು, ಮತ್ತೊಂದು, ಇನ್ನೊಂದು. ಗೊರಕೆ ನಿಂತಿತು. ಗೊರಕೆಯಿಲ್ಲದೆ ನನಗೆ ನಿದ್ದೆ ಬಾರದೆ, ಇವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ.

ಮೂರನೆಯ ವಸಂತದಲ್ಲಿ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಡಾಕ್ಟರ್ ಮಾರಿಸೆಲ್ ಕಾಗದವನ್ನು ನೋಡಿ, ದರ್ದೊನನ್ನು ನೋಡಿ, ಮತ್ತೆ ಕಾಗದವನ್ನು ನೋಡಿ, ಮುಖ ಅರಳಿಸಿದರು.

"ನಾನು ಹೇಳಿರ್ಲಿಲ್ವಾ? ಹುಲ್ಲು ಮೇಯ್ದ ಹೋರಿ ಮಾಂಸ! ನೋಡಿ, ಎಷ್ಟು ವ್ಯತ್ಯಾಸ!"

"ಡಾಕ್ಟ್ರೇ, ಅದು ಇನ್ನೂ ಮೇಯ್ತಾ ಇದೆ" ಎಂದ ದರ್ದೊ.

ಡಾಕ್ಟರು ಕನ್ನಡಕ ತೆಗೆದರು. "ಹಾಗಾದ್ರೆ ಇಷ್ಟು ದಿನ ಏನು ತಿಂದ್ರಿ?"

"ಬೇಳೆ" ಎಂದ, ಪೊಲೀಸರ ಮುಂದೆ ನನ್ನ ಮೇಲೆ ದೂರು ಕೊಡುವವನಂತೆ.

"ನಡೀತಾ ಇದ್ದೀರಾ?"

"ನಾನೆಲ್ಲಿ ನಡೀಲಿ, ಡಾಕ್ಟ್ರೇ, ಪುರುಸೊತ್ತೆಲ್ಲಿದೆ? ದಿನಾ ಬೆಳಿಗ್ಗೆಯಿಂದ ಹೋರಿ ಹಿಂದೆ ಹೋಗೋದೇ ಆಗುತ್ತೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಹೊರಡುವಾಗ ಅವನನ್ನು ಮುಂದೆ ಬಿಟ್ಟು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. "ಆ ಹೋರಿನ ಯಾವಾಗ ಕಡೀತೀರಿ, ದೊನ್ಯಾ ಸುಲ್ಮಾ?"

"ಈ ಬೇಸಿಗೆಗೆ."

"ಅವಸರ ಏನಿಲ್ಲ" ಎಂದರು. "ಅಲ್ಲ, ಸುಮ್ನೆ ಹೇಳ್ದೆ."

ಮಾನ್ಯರೇ, ನನ್ನ ನಿಜವಾದ ದುಃಖ ಶುರುವಾದದ್ದು ಆ 'ಸುಮ್ನೆ ಹೇಳ್ದೆ'ಯಿಂದ. ಅಷ್ಟರಲ್ಲಿ ತಾವು ನನ್ನ ಕಣ್ಣಿಗೆ ಒಂದು ಪ್ರಾಣಿಯಾಗಿ ಕಾಣುವುದು ನಿಂತು ವರ್ಷವಾಗಿತ್ತು. ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡಿದರೆ, ಬೇಲಿಯ ಬಳಿ ಪಕ್ಕೆಲುಬುಗಳು ನಿಂತಿರುತ್ತಿದ್ದವು. ಅವುಗಳ ಹಿಂದೆ ಗಜ್ಜರಿ ಹಾಕಿ ಬೇಯಿಸಬೇಕಾದ ಬಾಲ ನೊಣ ಓಡಿಸುತ್ತಿತ್ತು. ಮುಂದುಗಡೆ, ವಿನೆಗರ್ ಮತ್ತು ಬೆಳ್ಳುಳ್ಳಿಯಲ್ಲಿ ಎರಡು ದಿನ ನೆನೆಸಬೇಕಾದ ನಾಲಿಗೆ ಮೂಗನ್ನು ನೆಕ್ಕಿಕೊಳ್ಳುತ್ತಿತ್ತು. ಮದುವೆಯ ವಯಸ್ಸಿಗೆ ಬಂದ ಮಗಳನ್ನು ನೋಡುವ ತಾಯಿಯ ಹಾಗೆ ನಾನು ತಮ್ಮನ್ನು ನೋಡುತ್ತಿದ್ದೆ. ಈಗ ಆ ಪಕ್ಕೆಲುಬುಗಳ ಹಿಂದೆ ನಡೆದು ಹೋಗುತ್ತಿರುವ ಗಂಡನೂ ಕಾಣತೊಡಗಿದ.

ಆ ನಡಿಗೆಯ ಬಗೆಗಿನ ನನ್ನ ಅನುಮಾನವನ್ನು ಖಾತ್ರಿ ಮಾಡಿದ್ದು ಯೀ ಹೊಳೆ. ಆ ವಸಂತದ ಕೊನೆಗೆ ಅದು ಉಕ್ಕಿ ಗಾವಲಿಗೆ ನುಗ್ಗಿದಾಗ ತಮ್ಮನ್ನು ಎಲ್ಬಿಯೊನ ಗುಡ್ಡದ ಮೇಲೆ ಅತಿಥಿಯಾಗಿ ಬಿಡಬೇಕಾಯಿತು. ದರ್ದೊ ಮನೆಯಲ್ಲಿ ಉಳಿದ. ಮೊದಲ ದಿನ ಎರಡು ಸಲ ಬೂಟು ಹಾಕಿ ಎರಡು ಸಲ ಬಿಚ್ಚಿದ. ಆಮೇಲೆ ರೇಡಿಯೋದ ಪಕ್ಕ ಕೂತ, ಕಾಲನ್ನು ಸ್ಟೂಲಿನ ಮೇಲೆ ಚಾಚಿದ, ರೊಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. ವಾರಗಟ್ಟಲೆ ಕಳೆದು ನೀರು ಇಳಿಯುವ ಹೊತ್ತಿಗೆ ಬಾಗಿಲ ಮೆಟ್ಟಿಲು ಹತ್ತಿ ಬಂದವನು ಗೋಡೆಗೆ ಕೈಯಿಟ್ಟು ನಿಂತು ಉಸಿರು ಹುಡುಕುತ್ತಿದ್ದ. ಆ ಬೂದಿಯ ಬಣ್ಣ ನನಗೆ ಗುರುತಿತ್ತು. ತಾವು ಗುಡ್ಡದಿಂದ ಇಳಿದು ಬಂದ ಬೆಳಿಗ್ಗೆ ಅವನು ಎದ್ದು ಹೊರಗೆ ಹೋದ, ಬಣ್ಣ ವಾಪಸು ಬಂತು. ಈ ಇಡೀ ಉರುಗ್ವೆ ದೇಶದಲ್ಲಿ ತಮ್ಮನ್ನು ತಿನ್ನಬೇಕೆಂದು ಅತಿ ಹೆಚ್ಚು ಹಂಬಲಿಸಿದವಳು ಯಾರೋ, ಅವಳೇ ತಮ್ಮ ಪ್ರಾಣ ಕಾಯಬೇಕಾದ ಪರಿಸ್ಥಿತಿಯನ್ನು ತಾವು ಹೀಗೆ ತಂದಿಟ್ಟಿರಿ.

ಬೇಸಿಗೆ ಬಂತು. ದರ್ದೊ ಲಾರಿ ಓಡಿಸುವುದನ್ನು ಬಿಟ್ಟಿದ್ದರಿಂದ, ಎಲ್ಬಿಯೊ ತನ್ನ ಲಾರಿಯಲ್ಲಿ ತಮ್ಮನ್ನು ಕಸಾಯಿಯವನ ಬಳಿಗೆ ಒಯ್ಯುವುದೆಂದು ನಿಶ್ಚಯವಾಯಿತು. ತಮಗಾಗಿ ದರ್ದೊ ಕಣ್ಣೀರು ಹಾಕಿದನೆಂದು ತಾವು ಭಾವಿಸಿದ್ದರೆ ಅದು ತಪ್ಪು. ಹಿಂದಿನ ಸಂಜೆ ಅವನು ಸಿಳ್ಳೆ ಹಾಕುತ್ತ ಚಾಕು ಮಸೆದ. ದನ ಸಾಕುವ ನಾಡಿನವರು ನಾವು, ಅಷ್ಟು ಮೆತ್ತಗಿಲ್ಲ. ಬೆಳಿಗ್ಗೆ ಅವನು ಕೆಟಲ್ ಇಟ್ಟು ಮಾಟೆ ಎಲೆಯ ಕಷಾಯಕ್ಕೆ ಅಣಿಮಾಡುತ್ತಿದ್ದಾಗ, ಕೋಳಿಮೊಟ್ಟೆ ತರುತ್ತೇನೆಂದು ಹೇಳಿ ನಾನು ಮನೆಯ ಚಪ್ಪಲಿಯಲ್ಲೇ ಹೊರಬಿದ್ದು, ಹೊಳೆಯ ಕಡೆಯ ಗೇಟಿನ ಸರಪಳಿ ಬಿಚ್ಚಿದೆ.

ಅಂದು ತಾವು ನಡೆದುಕೊಂಡ ರೀತಿಯ ಬಗ್ಗೆ ನನ್ನ ಅತಿ ಗಂಭೀರವಾದ ಆಕ್ಷೇಪಣೆಯಿದೆ. ಎಷ್ಟೋ ಸಲ ಮುಚ್ಚಿದ ಬೇಲಿಯನ್ನು ಮುರಿದು ಓಡಿದ ತಾವು, ತೆರೆದ ಗೇಟಿನ ಮುಂದೆ ನಿಂತು ಮೆಲುಕು ಹಾಕುತ್ತ ನನ್ನನ್ನೇ ನೋಡಿದಿರಿ. ನಾನು ಮೆಲ್ಲಗೆ ಗದರಿಸಿದೆ. ಏಪ್ರನ್ನು ಬೀಸಿದೆ. ಹಿಂದೆ ಹೋಗಿ ಎರಡೂ ಕೈಯಿಂದ ತಳ್ಳಿದೆ, ಬೆಟ್ಟ ತಳ್ಳಿದಂತಾಯಿತು. "ಹೋಗೋ ದಡ್ಡ, ನಿನ್ನ ಕಡಿಯೋಕೆ ಬರ್ತಿದ್ದಾರೆ" ಎಂದು ಕಿವಿಯಲ್ಲಿ ಹೇಳಿದೆ (ಆ ಗಳಿಗೆಯ ಏಕವಚನಕ್ಕೆ ಕ್ಷಮೆಯಿರಲಿ). ಕೊನೆಗೆ ಓಡಿಹೋಗಿ ತೋಟದಿಂದ ಕುಂಬಳಕಾಯಿ ತಂದು ಕಲ್ಲಿಗೆ ಕುಕ್ಕಿ ಒಡೆದು ಮುಂದೆ ಹಿಡಿದಾಗ ಮಾತ್ರ ತಾವು ಕಾಲೆತ್ತಿದಿರಿ. ಪ್ರಾಣಕ್ಕಾಗಿ ಹೊರಡದವರು ಕುಂಬಳಕಾಯಿಗಾಗಿ ಹೊರಟಿರಿ. ಹೀಗೆ ನಾನು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ತಾವು ಮುಂದಕ್ಕೆ ಮುಂದಕ್ಕೆ ತಿನ್ನುತ್ತ, ಹೊಳೆಗೆ ಇಳಿದೆವು. ನೀರು ಮಂಡಿಯ ತನಕ ಬಂತು. ಒಂದು ಚಪ್ಪಲಿಯನ್ನು ಯೀ ಒಯ್ದಿತು. ಆಚೆ ದಡದ ಪೊದೆಯಲ್ಲಿ ಉಳಿದ ತುಂಡನ್ನು ಎಸೆದು ನಾನು ತಿರುಗಿದಾಗ ಎಲ್ಬಿಯೊನ ಲಾರಿ ಆಗಲೇ ನಮ್ಮ ಬಾಗಿಲಲ್ಲಿ ನಿಂತಿದ್ದು ಕಂಡಿತು.

ನನ್ನ ಪುಣ್ಯಕ್ಕೆ ಅವರಿಬ್ಬರೂ ಮನೆಯೊಳಗೇ ಇದ್ದರು. ನಾನು ಬುಟ್ಟಿ ಹಿಡಿದು ಅಂಗಳಕ್ಕೆ ಬಂದ ಮೇಲೆ ಹೊರಗೆ ಬಂದರು. ಗಾವಲು ಖಾಲಿ. ಗೇಟು ಗಾಳಿಗೆ ಕಿರುಗುಟ್ಟುತ್ತಿತ್ತು.

"ಹೋಯ್ತಾ?" ಎಂದ ದರ್ದೊ.

"ಹೋದ ಹಾಗಿದೆ" ಎಂದೆ.

ಎಲ್ಬಿಯೊ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸುಲ್ಮಾ, ನಿನ್ನ ಒಂದು ಕಾಲಲ್ಲಿ ಚಪ್ಪಲಿ ಇಲ್ಲ."

"ಕೋಳಿ ಕಚ್ಕೊಂಡು ಹೋಯ್ತು."

"ಭಾರೀ ಕೋಳಿ. ಮಂಡಿವರೆಗೆ ಒದ್ದೆ ಮಾಡಿಬಿಟ್ಟಿದೆ" ಎಂದ. "ಕಸಾಯಿಯವನಿಗೆ ಏನು ಹೇಳ್ಲಿ ನಾನು?" ಗೊಣಗುತ್ತಲೇ ಲಾರಿ ಹತ್ತಿ ಹೊರಟುಹೋದ.

ದರ್ದೊ ತಮ್ಮನ್ನು ಹುಡುಕಲು ಹೊರಟ. ಮೂರು ವರ್ಷದಿಂದ ಸಗಣಿ ನೋಡಿಯೇ ತಮ್ಮ ದಿಕ್ಕು ಹೇಳಬಲ್ಲವನು, ಒದ್ದೆ ಮಣ್ಣಿನಲ್ಲಿ ಹೊಳೆಯ ಕಡೆಗೆ ಮೂಡಿದ್ದ ತಟ್ಟೆಯಷ್ಟಗಲದ ಗೊರಸಿನ ಗುರುತುಗಳನ್ನು ದಾಟಿಕೊಂಡು, ಸೀದಾ ಗುಡ್ಡದ ಕಡೆಗೆ ನಡೆದ. ಸಂಜೆಯವರೆಗೂ ಅಲ್ಲೇ ಹುಡುಕಿದ. ಅದು ನನಗೆ ಸೋಜಿಗವೆನಿಸಿತು.

ವಾಪಸು ಬಂದವನು ಕೈಕಾಲು ತೊಳೆದು, ನೀರು ಕಾಯಿಸಿ, ಮಾಟೆ ಕುಡಿಯುವ ಸೋರೆಬುರುಡೆಯನ್ನು ತುಂಬಿ ಮೊದಲು ನನಗೆ ಕೊಟ್ಟ.

"ಆ ಗೇಟಿನ ಸರಪಳಿ ಅಡುಗೆಮನೆ ಕಿಟಕೀಲಿ ಕಾಣುತ್ತೆ, ಸುಲ್ಮಾ."

ನಾನು ಮಾಟೆ ಹೀರುವ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ.

"ಎಲ್ಬಿಯೊ ಬೇಗ ಬಂದ್ಬಿಟ್ಟ. ನೀನಿನ್ನೂ ಆ ದಡ್ಡನ ಮುಂದೆ ಕುಂಬಳಕಾಯಿ ಹಿಡ್ಕೊಂಡು ಬೇಡ್ಕೊತಾ ಇದ್ದೆ. ಅವನಿಗೆ ಎರಡು ಕೆಟಲ್ ಮಾಟೆ ಕುಡಿಸ್ದೆ. ನನ್ನ ಲಾರಿ ಬ್ರೇಕ್ ಹೋದ ಕತೆ ಪೂರ್ತಿ ಹೇಳ್ದೆ. ಅದು ಮುಗಿದ್ರೂ ನೀನು ಹೊಳೆ ದಾಟಿರ್ಲಿಲ್ಲ. ಆಮೇಲೆ ನಮ್ಮ ಮದುವೆ ಕತೆ ಶುರು ಮಾಡ್ದೆ."

"ಮೂರು ವರ್ಷ ನಂಗೆ ಬೇಳೆ ತಿನ್ಸಿ, ಈಗ ಯಾಕೆ?" ಎಂದೆ.

ಅವನು ರೇಡಿಯೋದ ಪಕ್ಕದ ಕುರ್ಚಿಯತ್ತ ನೋಡಿ ಹೇಳಿದ: "ತಿಂದ್ಬಿಟ್ರೆ ಮಾರನೇ ದಿನ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ? ಮತ್ತೆ ಆ ಕುರ್ಚೀಲಿ ಕೂತ್ಕೊಳ್ಳಾ? ನಂಗೆ ಹೆದ್ರಿಕೆ ಆಗುತ್ತೆ ಕಣೇ, ಆ ಕುರ್ಚಿ ಕಂಡ್ರೆ." ಆಮೇಲೆ ಕೇಳಿದ, "ಮತ್ತೆ ನೀನ್ಯಾಕೆ ಬಿಟ್ಟೆ?"

"ಡಾಕ್ಟ್ರು ಅವಸರ ಏನಿಲ್ಲ ಅಂದಿದ್ರು" ಎಂದೆ.

ಅವನು ನನ್ನ ಬರಿಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಲ್ಲಿ ಮುರಿದಿದ್ದ ಮುಳ್ಳನ್ನು ತೆಗೆದ. ತಮ್ಮ ಉಣ್ಣಿ ಕೀಳುವ ಚಿಮುಟದಿಂದ ತೆಗೆದನೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಅದನ್ನು ತೊಳೆದಿರಲೂ ಇಲ್ಲ. ಆದರೂ ನಾನು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ತಾವು ಮರುದಿನ ಬೆಳಿಗ್ಗೆ ತಾವಾಗಿಯೇ ಹೊಳೆ ದಾಟಿ ಬಂದು ಗೇಟಿನ ಮುಂದೆ ನಿಂತು, ಬಾಗಿಲು ತೆಗೆಯಲು ತಡವಾಯಿತೆಂದು ಕೂಗಿದಿರಿ. ಆ ವಿಷಯ ಹಾಗಿರಲಿ.

ಉಳಿದದ್ದು ಪ್ರತಿಜ್ಞೆಯ ತೊಡಕು. ಅದನ್ನು ಬಿಡಿಸಿದ್ದು ಎಲ್ಬಿಯೊ. ಸಂಗತಿಯೆಲ್ಲ ತಿಳಿದ ಮೇಲೆ ಅವನು ಬೇಲಿಗೆ ಒರಗಿ ಬೈದ. "ನೀವಿಬ್ಬರೂ ಸೇರಿ ನನ್ನ ಡೀಸಲ್ ಸುಟ್ರಿ. ದರ್ದೊ, ಆ ಗುಡ್ಡದ ಮೇಲೆ ನೋಡು. ಅಲ್ಲೊಂದು ಕೆಂಪು ಹೋರಿ ಇದ್ಯಲ್ಲ, ನಿನ್ನ ಬಾಯಿ ಮುಚ್ಚಿಸ್ಬೇಕು ಅಂತಲೇ ಅದನ್ನ ದೊಡ್ಡಿಗೆ ಕಳಿಸ್ದೆ ಇಟ್ಕೊಂಡಿದೀನಿ. ಹುಟ್ಟಿದಾಗಿಂದ ಹುಲ್ಲೇ. ನಿನ್ನ ಕಣ್ಣೆದುರಿಗೇ ಬೆಳೀತು, ದಿನಾ ಬೆಳಿಗ್ಗೆ ನೋಡ್ತಿದ್ದೆ ತಾನೆ?"

ದರ್ದೊ ತಾಯಿಯ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತು ಬಂದು, ಸರಿ ಎಂದ.

ಆ ಭಾನುವಾರ ನಮ್ಮ ಹಿತ್ತಲಿನಿಂದ ಎದ್ದ ಹೊಗೆಯನ್ನು ನೋಡಿ ಮೂಲೆಮನೆಯ ವಿಧವೆ ಬಣ್ಣದ ಶಾಲು ಹೊದ್ದು ಬಂದಳು. ಡಾಕ್ಟರ್ ಮಾರಿಸೆಲ್ ಬಂದರು, ದರ್ದೊನ ತಟ್ಟೆಯ ಪಕ್ಕ ಅಂಗೈ ಇಟ್ಟು ಅಳೆದು, ಅಂಚಿನಲ್ಲಿ ಹೆಚ್ಚಾಗಿದ್ದ ಒಂದು ಚೂರನ್ನು ಕತ್ತರಿಸಿ ತಾವೇ ತಿಂದರು. ಮಾಂಸ ಬಿಗಿಯಾಗಿತ್ತು, ಅಗಿಯಲು ಹಲ್ಲು ಬೇಕಿತ್ತು, ಕೊಬ್ಬು ಬೆಣ್ಣೆಯಂತೆ ಹಳದಿಯಾಗಿದ್ದು ಮಳೆ ಬಿದ್ದ ಮರುದಿನದ ಗಾವಲಿನ ವಾಸನೆ ಬರುತ್ತಿತ್ತು. ದರ್ದೊ ತನ್ನ ಅಂಗೈಯಷ್ಟನ್ನು ಅರ್ಧ ಗಂಟೆ ತಿಂದ. ಅದರಿಂದ ಆರೋಗ್ಯಕ್ಕೆ ಆದ ಲಾಭವೇನೆಂದು ನಾನು ಹೇಳಲಾರೆ. ಅಷ್ಟು ಹೊತ್ತು ಅವನು ಮಾತಾಡದೆ ನಗುತ್ತ ಕೂತಿದ್ದನ್ನು ಮಾತ್ರ ಕಂಡೆ. ನಾನೆಷ್ಟು ತಿಂದೆನೆಂಬುದನ್ನು ಯಾರ ಅಂಗೈಯಿಂದಲೂ ಅಳೆಯಲಿಲ್ಲ.

ಈಗ ನನ್ನ ಬೇಡಿಕೆಗಳು. ತಾವು ದಯವಿಟ್ಟು ಮುದಿಯಾಗಬಾರದು. ಕುಂಟಬಾರದು. ನೆರಳಿನಲ್ಲಿ ಬಿದ್ದುಕೊಂಡು ದಿನ ಕಳೆಯುವ ಈಚಿನ ಚಾಳಿಯನ್ನು ಬಿಟ್ಟು, ಮನೆಯಿಂದ ಆದಷ್ಟು ದೂರದ ಹುಲ್ಲನ್ನೇ ರುಚಿಯೆಂದು ತಿಳಿಯಬೇಕು. ವಾರಕ್ಕೊಮ್ಮೆಯಾದರೂ ತಪ್ಪಿಸಿಕೊಳ್ಳಬೇಕು, ಆದರೆ ಮಳೆಯ ದಿನ ಬೇಡ, ಅವನಿಗೆ ಶೀತವಾಗುತ್ತದೆ. ಒಟ್ಟಿನಲ್ಲಿ ನನ್ನ ಗಂಡ ಇರುವಷ್ಟು ಕಾಲ ತಾವೂ ಇರಬೇಕು. ಹೋರಿಗಳ ಆಯುಷ್ಯ ಅಷ್ಟಿಲ್ಲವೆಂದು ಎಲ್ಬಿಯೊ ಹೇಳುತ್ತಾನೆ. ಅದನ್ನು ಒಪ್ಪಲು ನಾನು ಸಿದ್ಧಳಿಲ್ಲ, ತಾವೂ ಒಪ್ಪಬೇಡಿ.

ಕೈಗೆ ಬಂದ ತುತ್ತನ್ನು ಬಾಯಿಗೆ ಬಿಡದೆ ಹೊಳೆ ದಾಟಿಸಿದ,
ತಮ್ಮ ಹಸಿದ ವಿಶ್ವಾಸಿ,
ಸುಲ್ಮಾ ಒಲಿವೇರಾ

ತಾ.ಕ.: ಕಳೆದ ವಾರ ಡಾಕ್ಟರು ನನ್ನ ರಕ್ತವನ್ನೂ ಪರೀಕ್ಷೆ ಮಾಡಿದರು. ಕಾಗದ ನೋಡಿದವರ ಮುಖ ಅರಳಲಿಲ್ಲ. ಸೋಮವಾರದಿಂದ ನಾನೂ ಗಂಡನ ಜೊತೆ ತಮ್ಮ ಹಿಂದೆ ನಡೆಯಲು ಬರುತ್ತಿದ್ದೇನೆ. ದಯವಿಟ್ಟು ಮೆಲ್ಲಗೆ ಹೆಜ್ಜೆ ಹಾಕಿರಿ. ಹೆಚ್ಚು ನಡೆದರೆ ನನಗೆ ಹಸಿವಾಗುತ್ತದೆ.